ಹುಸಿಮುಪ್ಪಿನ ಗೊಂಬೆಗಳು

ಈ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಗೃಹಾಲಂಕಾರವನ್ನು ಕುರಿತು ಪ್ರಕಟವಾದ ಲೇಖನವನ್ನು ವಾಚಕ ಮಹಾಶಯರು ಓದಿರಬಹುದು. ಇಂಗ್ಲೆಂಡಿನ ಸ್ಟ್ಯಾಫರ್ಡ್‌ಷೈರ್ ಸೀಮೆಯಲ್ಲಿ ಹಿಂದೆ ತಯಾರಾಗುತ್ತಿದ್ದ ಮೆರುಗಿನ ಮಣ್ಣುಗೊಂಬೆಗಳ ಹೊಸ ನಕಲುಗಳನ್ನು ತರಿಸಿ ನಡುಮನೆಯಲ್ಲಿ ಇರಿಸಿಕೊಳ್ಳುವುದು ಸುರುಚಿಯ ಲಕ್ಷಣವೆಂದು ಅದರ ಲೇಖಕರು ಪ್ರತಿಪಾದಿಸಿದ್ದಾರೆ. ಅಸಲಿಗೆ ಬೆಲೆ ಹೆಚ್ಚು, ನಕಲಿಗೆ ಕಡಿಮೆ. ಕಣ್ಣಿಗೆ ಎರಡೂ ಒಂದೇ. ಅಸಲು ಕೂಡ ತನ್ನ ಕಾಲದಲ್ಲಿ ಅಚ್ಚಿನಿಂದ ರಾಶಿರಾಶಿಯಾಗಿ ಒತ್ತಿ ತೆಗೆದ ಅಗ್ಗದ ಸರಕೇ ಆಗಿತ್ತು. ಆದಕಾರಣ ನಕಲನ್ನು ಹಳಿಯತಕ್ಕವರು ಹಣದ ಜಂಬದವರೇ ಹೊರತು ಕಲಾಭಿಜ್ಞರಲ್ಲ. ಇದು ಅವರ ವಾದದ ಸಾರ. ಬರವಣಿಗೆ ಸೊಗಸಾಗಿದೆ, ವಿನೋದವೂ ಇದೆ. ವಾದವು ಮಾತ್ರ ನಿಲ್ಲತಕ್ಕುದಲ್ಲ. ಅದೇಕೆ ನಿಲ್ಲದೆಂಬುದನ್ನು ತೋರಿಸುವುದಕ್ಕಾಗಿ ಈ ಕೆಲವು ಮಾತುಗಳು.

ಪೂರ್ವಪಕ್ಷದಲ್ಲಿ ಸತ್ಯವಿರುವಷ್ಟನ್ನು ಮೊದಲು ಒಪ್ಪಿಕೊಳ್ಳುವುದು ಶಾಸ್ತ್ರಮರ್ಯಾದೆ. ಅವರ ಮೂರನೆಯ ಮಾತು ನಿಜ; ಅವರು ತಿಳಿದಿರುವುದಕ್ಕಿಂತಲೂ ಹೆಚ್ಚು ನಿಜ. ಟನ್‌ಸ್ಟಾಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರು ಊರುಗಳು ಒಂದಕ್ಕೊಂದು ತಗುಲಿಕೊಂಡು ಬೆಳೆದು ೧೯೧೦ರಲ್ಲಿ ಸ್ಟೋಕ್-ಆನ್-ಟ್ರೆಂಟ್ ಎಂಬ ಒಂದೇ ಪಟ್ಟಣವಾದವು. (ಕಾದಂಬರಿಕಾರ ಆರ್ನಲ್ಡ್ ಬೆನೆಟ್ಟನು ಫೆಂಟನ್ನನ್ನು ಕೈಬಿಟ್ಟು ಐದೇ ಊರೆಂದು ಬರೆದುದರಿಂದ ಆ ಊರಿನವರಿಗೆ ಅವನ ಮೇಲೆ ಮುನಿಸುಂಟು.) ಈ ಊರುಗಳ ಸಣ್ಣಪುಟ್ಟ ಕಾರ್ಖಾನೆಗಳಲ್ಲಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ತಯಾರಾದ ಗೊಂಬೆಗಳೇ ನಮ್ಮ ಚರ್ಚೆಗೆ ವಿಷಯ. ಎರಡು ಮೂರು ಭಾಗಗಳ ಅಚ್ಚಿನೊಳಗೆ ಮಣ್ಣಿನ ಹಾಳೆಯನ್ನು ಬೆರಳಿನಿಂದ ಒತ್ತಿ, ಭಾಗಗಳನ್ನು ಕೂಡಿಸಿ, ಆವಿಗೆಯಲ್ಲಿ ಸುಟ್ಟು, ಮೆರುಗು ಕೊಟ್ಟು, ಬಣ್ಣ ಬಳಿಯುತ್ತಿದ್ದರು. ೧೮೪೦ರ ಸುಮಾರಿನಿಂದ ಇವುಗಳಲ್ಲಿ ಬಹುಪಾಲಿಗೆ ಬೆನ್ನೇ ಇರಲಿಲ್ಲ. ಅಂದರೆ ಹಿಂಬದಿಯು ಸಪಾಟಾಗಿ, ಬಣ್ಣವಿಲ್ಲದೆ ಇರುತ್ತಿತ್ತು. ಬಡವರ ಮನೆಯ ಅಗ್ಗಿಷ್ಟಿಕೆಯ ಮೇಲಣ ಹಲಗೆಯಲ್ಲಿ ಗೋಡೆಗೆ ಒರಗಿಸಿಡತಕ್ಕ ವಸ್ತುವಿಗೆ ಬೆನ್ನೇಕೆ? ಜಾತ್ರೆಯಲ್ಲಿ, ಬೀದಿಯಲ್ಲಿ, ಕೆಲವೇ ಪೆನ್ನಿಗಳಿಗೆ ಅವು ಮಾರಿಹೋಗುತ್ತಿದ್ದವು.

ಆಕೃತಿಗಳೂ ಸ್ವಂತವಲ್ಲ. ಅಂದಿನ ಸಚಿತ್ರ ಪತ್ರಿಕೆಗಳಿಂದ, ಹಾಡಿನ ಪುಸ್ತಕಗಳ ಹೊದಿಕೆಯ ಚಿತ್ರಗಳಿಂದ ಎತ್ತಿಕೊಂಡವು ಹೇರಳ. ಒಂದೇ ಅಚ್ಚಿಗೆ ಬೇರೆ ಬೇರೆ ಹೆಸರು ಬರೆದು ಬೇರೆ ಬೇರೆ ಮಹಾಪುರುಷರೆಂದು ಮಾರಿದ್ದೂ ಉಂಟು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನ ಆಕೃತಿಯ ಕೆಳಗೆ ವಾಷಿಂಗ್ಟನ್ ಎಂಬ ಹೆಸರನ್ನು ಬರೆದು ಮಾರಿದ ಗೊಂಬೆಗಳು ಇಂದಿಗೂ ಇವೆ. ಇಂಥ ಸರಕಿನ ವಿಷಯದಲ್ಲಿ ಅನುಕರಣವೇ ಪಾಪವೆಂದು ಯಾರಾದರೂ ಕೂಗಾಡಿದರೆ ಆ ಸೀಮೆಯ ಕುಂಬಾರರೇ ಮೊದಲು ನಕ್ಕಾರು. ನನ್ನ ಆಕ್ಷೇಪ ಅನುಕರಣದ ಮೇಲಲ್ಲ.

ಓಲೆಗರಿಯ ಗ್ರಂಥಗಳನ್ನು ಕೈಯಲ್ಲಿ ಹಿಡಿದು ಓದಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ನಮಗೆ ಉಳಿದಿರುವ ಪ್ರಾಚೀನ ಕೃತಿಗಳೆಲ್ಲವೂ ಪ್ರತಿಗಳ ಪ್ರತಿಗಳೇ. ಕವಿಯ ಸ್ವಹಸ್ತದ ಓಲೆ ಯಾರ ಮನೆಯಲ್ಲಿದೆ? ಆದರೂ ಲಿಪಿಕಾರನನ್ನು ವಂಚಕನೆಂದು ಯಾರೂ ಕರೆಯುವುದಿಲ್ಲ. ಏತಕ್ಕೆಂದರೆ ಒಳ್ಳೆಯ ಲಿಪಿಕಾರನು ಗ್ರಂಥದ ಕೊನೆಯಲ್ಲಿ ಇಂಥ ಸಂವತ್ಸರದ ಇಂಥ ಮಾಸದಲ್ಲಿ, ಇಂಥ ಊರಿನ ಇಂಥವನ ಮಗನಾದ ಇಂಥವನು ಇದನ್ನು ಪ್ರತಿಮಾಡಿದನೆಂದು ಬರೆದು, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡಿ ಮುಗಿಸುತ್ತಾನೆ. ಪ್ರತಿಯು ತಾನು ಪ್ರತಿಯೆಂದು ತನ್ನ ಬಾಯಿಂದಲೇ ಹೇಳುತ್ತದೆ. ಅದೇ ಲಿಪಿಕಾರನು ಹೊಸ ಓಲೆಯನ್ನು ಹೊಗೆಯ ಮೇಲೆ ಹಿಡಿದು ಕಪ್ಪಾಗಿಸಿ, ಅಂಚನ್ನು ಮುರಿದು, ಹುಳುವಿನ ತೂತುಗಳನ್ನು ಸೂಜಿಯಿಂದ ಕೊರೆದು, ಐನೂರು ವರ್ಷಗಳ ಹಿಂದಿನದೆಂದು ತಂದಿಟ್ಟರೆ ಅವನನ್ನು ಏನೆಂದು ಕರೆಯಬೇಕು? ಪ್ರತಿಗೂ ಕಪಟಕ್ಕೂ ಇರುವ ಗೆರೆ ಇಲ್ಲಿದೆ. ನಮ್ಮ ಲೇಖಕರು ಈ ಗೆರೆಯನ್ನು ಕಾಣದೆ ದಾಟಿದ್ದಾರೆ.

ಸ್ಟ್ಯಾಫರ್ಡ್‌ಷೈರಿನಲ್ಲಿಯೇ ಒಳ್ಳೆಯ ಪ್ರತಿಕಾರರಿದ್ದರು. ಬರ್ಸ್ಲೆಮ್ಮಿನಲ್ಲಿ ವಿಲಿಯಂ ಕೆಂಟನು ೧೮೭೮ರಲ್ಲಿ ಆರಂಭಿಸಿದ ಕಾರ್ಖಾನೆಯು ಹಳೆಯ ಮಾದರಿಯ ಗೊಂಬೆಗಳನ್ನು ೧೯೬೨ರವರೆಗೂ ಒತ್ತುತ್ತಿತ್ತು. ಅದೇ ಊರು, ಅದೇ ಬಗೆಯ ಅಚ್ಚು, ಗುರುವಿನಿಂದ ಶಿಷ್ಯನಿಗೆ ಬಂದ ಅದೇ ಕೈ. ಹಳೆಯ ಮಾದರಿಯದೆಂದು ಹೇಳಿಯೇ ಅವುಗಳನ್ನು ಮಾರುತ್ತಿದ್ದರು. ಇದನ್ನು ನಕಲೆನ್ನಲು ನನಗೆ ನಾಲಗೆ ಬಾರದು. ಕಡಿಯದೆ ಬಂದ ಪರಂಪರೆಯೆನ್ನುವೆನು. ಲಾಂಗ್ಟನ್ನಿನ ಬೆಸ್ವಿಕ್ ಸಂಸ್ಥೆಯವರು ಇಪ್ಪತ್ತನೆಯ ಶತಮಾನದಲ್ಲಿ ಹಳೆಯ ನಾಯಿಗೊಂಬೆಗಳ ಜೋಡಿಯನ್ನು ಹಲವು ಅಳತೆಗಳಲ್ಲಿ ಮಾಡಿ, ತಳದಲ್ಲಿ ತಮ್ಮ ಹೆಸರನ್ನು ಒತ್ತಿದರು. ಅದನ್ನು ಕೊಂಡವನಿಗೆ ಮೋಸವಿಲ್ಲ, ಅವನ ಮೊಮ್ಮಗನಿಗೂ ಮೋಸವಿಲ್ಲ.

ಈಗ ಮಾರುಕಟ್ಟೆಯನ್ನು ತುಂಬಿರುವ, ನಮ್ಮ ಲೇಖಕರು ಹೊಗಳಿರುವ ಸರಕು ಬೇರೆಯದು. ಇದನ್ನು ಹೇಗೆ ಮಾಡುತ್ತಾರೆಂದು ತಿಳಿದರೆ ಅರ್ಧ ವಾದ ತಾನಾಗಿಯೇ ಮುಗಿಯುತ್ತದೆ. ಮಣ್ಣನ್ನು ನೀರಿನಲ್ಲಿ ಕದಡಿ ಕೆನೆಯಂತೆ ಮಾಡಿ ಪ್ಲಾಸ್ಟರಿನ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚು ನೀರನ್ನು ಹೀರುತ್ತದೆ, ಮಣ್ಣಿನ ತೆಳುಪದರ ಒಳಮೈಗೆ ಹತ್ತುತ್ತದೆ, ಮಿಕ್ಕ ಕೆಸರನ್ನು ತಳದ ತೂತಿನಿಂದ ಹೊರಗೆ ಸುರಿಯುತ್ತಾರೆ. ಆದುದರಿಂದ ಹೊಸ ಗೊಂಬೆ ಹಗುರ; ತಳದ ತೂತು ಬೆರಳು ಹೋಗುವಷ್ಟು ದೊಡ್ಡದು; ಒಳಮೈಯು ಹೊರಮೈಯ ಏರಿಳಿತವನ್ನೇ ಅನುಸರಿಸುತ್ತದೆ. ಒತ್ತಿ ಮಾಡಿದ ಹಳೆಯ ಗೊಂಬೆಯ ಗೋಡೆ ದಪ್ಪ, ಎಲ್ಲೆಡೆಯೂ ಒಂದೇ ಸಮನಾಗಿಲ್ಲ. ಆವಿಗೆಯಲ್ಲಿ ಒಳಗಿನ ಗಾಳಿ ಹೊರಹೋಗಲೆಂದು ಬಿಟ್ಟ ಕಿಂಡಿಯು ಸಾಮಾನ್ಯವಾಗಿ ಚಿಕ್ಕದು. ಇಷ್ಟರವರೆಗೆ ದೋಷವೇನೂ ಇಲ್ಲ. ಹೊಯ್ದು ಮಾಡುವುದೂ ಒಂದು ವಿದ್ಯೆಯೇ.

ದೋಷವು ಆಮೇಲೆ ಬರುತ್ತದೆ. ಹಳೆಯ ಗೊಂಬೆಗಳ ಮೆರುಗಿನಲ್ಲಿ ಕೂದಲೆಳೆಯಂಥ ಬಿರುಕುಗಳ ಬಲೆ ಕಾಣುತ್ತದಷ್ಟೆ. ಒಳಗಿನ ಮಣ್ಣೂ ಮೇಲಿನ ಮೆರುಗೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗದಿರುವುದರಿಂದ ವರ್ಷಗಳು ಕಳೆದಂತೆ ಅದು ಒಂದೆಡೆ ಹೆಚ್ಚಾಗಿ, ಒಂದೆಡೆ ಕಡಿಮೆಯಾಗಿ ಮೂಡುತ್ತದೆ. ಎಷ್ಟೋ ಹಳೆಯ ಗೊಂಬೆಗಳಲ್ಲಿ ಮೂಡುವುದೇ ಇಲ್ಲ. ಹೊಸ ಸರಕಿನಲ್ಲಿ ಮೆರುಗಿನ ಪಾಕವನ್ನು ಬೇಕೆಂದೇ ಕೆಡಿಸಿ, ತಲೆಯಿಂದ ತಳದವರೆಗೆ ಮೀನಿನ ಬಲೆ ಹಾಸಿದಂತೆ ಒಂದೇ ಸಮನಾದ ಬಿರುಕನ್ನು ಎಬ್ಬಿಸುತ್ತಾರೆ. ಆ ಬಿರುಕಿನೊಳಕ್ಕೆ ಚಹದ ನೀರನ್ನೋ ಕಂದುಬಣ್ಣವನ್ನೋ ತೂರಿಸುತ್ತಾರೆ. ತಳಕ್ಕೆ ಮಣ್ಣುಮಸಿ ಸವರುತ್ತಾರೆ. ತಯಾರಾದ ದೇಶದ ಹೆಸರು ಸುಲಭವಾಗಿ ಕಿತ್ತುಬರುವ ಕಾಗದದ ಚೀಟಿಯ ಮೇಲಿರುತ್ತದೆ. ಮೆರುಗಿನ ಅಡಿಯಲ್ಲಿ ಕಂಪನಿಯ ಹೆಸರನ್ನು ಬರೆಯಲು ಒಂದು ಗಳಿಗೆ ಸಾಕು. ಅದಕ್ಕೆ ಪುರುಸೊತ್ತಿಲ್ಲದವರಿಗೆ ಚಹದ ನೀರು ಕಾಯಿಸಲು ಪುರುಸೊತ್ತುಂಟು!

ಇಲ್ಲಿ ಲೇಖಕರು ಒಂದು ಸಮಾಧಾನವನ್ನು ಹೇಳಿಯಾರು: ಕೊಳ್ಳುವವನಿಗೆ ಅದು ನಕಲೆಂದು ಗೊತ್ತು, ಬೆಲೆಯೂ ನಕಲಿನದೇ, ಹಾಗಿರುವಾಗ ಮೋಸವೆಲ್ಲಿಂದ ಬಂತು? ಒಳ್ಳೆಯ ಪ್ರಶ್ನೆ. ಹಾಗಾದರೆ ಬಿರುಕು ಯಾರಿಗಾಗಿ? ಕೊಳ್ಳುವವನಿಗೆ ಗೊತ್ತಿದ್ದರೆ ಬಿರುಕು ಅವನಿಗೆ ಬೇಡ. ಮಾರುವವನಿಗೆ ಗೊತ್ತಿದ್ದೇ ಇದೆ. ಉಳಿದವರು ಮನೆಗೆ ಬರುವ ಅತಿಥಿಗಳು. ಈ ಮನೆಯಲ್ಲಿ ಹಳೆಯ ವಸ್ತುಗಳು ತಲೆಮಾರಿನಿಂದ ಇವೆ, ಇವರು ಇಂದು ನೆನ್ನೆಯ ಜನವಲ್ಲ ಎಂಬ ಭಾವನೆ ಅವರಲ್ಲಿ ಹುಟ್ಟಬೇಕು. ಇದನ್ನೇ ಲೇಖಕರು ಸುರುಚಿಯೆಂದು ಕರೆದದ್ದು. ನಮ್ಮ ಕಡೆಯ ಮಾತಿನಲ್ಲಿ ಇದಕ್ಕೆ ಬೇರೆ ಹೆಸರಿದೆ. ಸಂಪಾದಕರ ಮೇಲಣ ಗೌರವದಿಂದ ಇಲ್ಲಿ ಬರೆಯುವುದಿಲ್ಲ.

ಅತಿಥಿಯ ಮಾತು ಹಾಗಿರಲಿ. ಮೂವತ್ತು ವರ್ಷಗಳ ಮೇಲೆ ಏನಾಗುವುದು? ಕೊಂಡವನು ಹೋಗಿರುತ್ತಾನೆ, ರಸೀತಿ ಕಳೆದಿರುತ್ತದೆ, ಚೀಟಿ ಉದುರಿರುತ್ತದೆ. ಮಕ್ಕಳು ಅದನ್ನು ತಾತನ ಕಾಲದ ಇಂಗ್ಲಿಷ್ ಗೊಂಬೆಯೆಂದು ನಂಬುತ್ತಾರೆ. ನಂಬಿ ಮಾರುತ್ತಾರೆ, ಇಲ್ಲವೆ ಯಾವುದಾದರೂ ಸಂಗ್ರಹಕ್ಕೆ ದಾನ ಕೊಡುತ್ತಾರೆ. ಈ ಗೊಂಬೆಗಳ ಇತಿಹಾಸವನ್ನು ಕಟ್ಟುವುದು ಮೊದಲೇ ಸುಲಭವಲ್ಲ. ಬಹುಪಾಲಿನ ಮೇಲೆ ಮಾಡಿದವನ ಹೆಸರಿಲ್ಲ, ಎಷ್ಟೋ ಗೊಂಬೆಗಳು ಯಾರ ಪ್ರತಿಕೃತಿಯೆಂಬುದೇ ಬರೆದಿಲ್ಲ. ಥಾಮಸ್ ಬಾಲ್ಸ್ಟನ್ ಎಂಬವರು ೧೯೫೮ರಲ್ಲಿಯೂ, ಗಾರ್ಡನ್ ಪ್ಯೂ ಎಂಬವರು ೧೯೭೦ರಲ್ಲಿಯೂ ಗ್ರಂಥಗಳನ್ನು ಪ್ರಕಟಿಸಿ, ಹಳೆಯ ಮುದ್ರಿತ ಚಿತ್ರಗಳೊಡನೆ ಒಂದೊಂದು ಆಕೃತಿಯನ್ನೂ ಹೋಲಿಸಿ ಹೆಸರು ಹುಡುಕಿದರು. ಅಂಥವರ ದುಡಿಮೆಯ ಹೊಲದಲ್ಲಿ ಕಳೆಯ ಬೀಜವನ್ನು ಎರಚುವ ಕೆಲಸ ಇದು. ಗೃಹಾಲಂಕಾರದ ಸಣ್ಣ ವಿಷಯಕ್ಕೆ ಇಷ್ಟು ರೋಷವೇಕೆಂದು ಕೇಳತಕ್ಕವರು ಸ್ವಲ್ಪ ಯೋಚಿಸಬೇಕು. ಶಾಸನದ ಕಲ್ಲಿನಲ್ಲಿ ಒಂದು ಅಕ್ಷರವನ್ನು ತಿದ್ದಿದವನನ್ನು ನಾವು ಕ್ಷಮಿಸುವುದಿಲ್ಲವಷ್ಟೆ?

ಮುಪ್ಪೆಂಬುದು ಬರಿಯ ಬಣ್ಣವಲ್ಲ. ಹಳೆಯ ಗೊಂಬೆಯ ವಯಸ್ಸಿನೊಳಗೆ ಅದನ್ನು ಮಾಡಿದವರ ದಿನಗಳು ಅಡಗಿವೆ. ೧೮೪೧ರಲ್ಲಿ ಸ್ಯಾಮ್ಯುಯೆಲ್ ಸ್ಕ್ರಿವನ್ ಎಂಬ ಅಧಿಕಾರಿ ಸರ್ಕಾರದ ಪರವಾಗಿ ಆ ಕಾರ್ಖಾನೆಗಳನ್ನು ಹೊಕ್ಕು, ಅಲ್ಲಿ ದುಡಿಯುವ ಮಕ್ಕಳ ಹೇಳಿಕೆಗಳನ್ನು ಬರೆದುಕೊಂಡನು. ಹಸಿಪಾತ್ರೆಯುಳ್ಳ ಅಚ್ಚನ್ನು ಹೊತ್ತು ಬೇಯುವ ಒಣಗುಕೋಣೆಗೆ ಓಡುವುದು, ಖಾಲಿ ಅಚ್ಚನ್ನು ಹಿಂದಕ್ಕೆ ತರುವುದು, ಮತ್ತೆ ಓಡುವುದು. ಇದೇ ಹುಡುಗರ ದಿನಚರಿ. ಬಣ್ಣ ಬಳಿಯುವ ಕೋಣೆಗಳಲ್ಲಿಯೂ ಎಳೆಯ ಕೈಗಳೇ. ಮೆರುಗಿನಲ್ಲಿ ಸೀಸವಿರುತ್ತಿತ್ತು; ಅದರಲ್ಲಿ ಕೈ ಅದ್ದುವವರನ್ನು ಸೀಸದ ವಿಷ ಹಿಡಿಯುತ್ತಿತ್ತು. ಚಾರ್ಲ್ಸ್ ಷಾ ಎಂಬವನು ಏಳನೆಯ ವಯಸ್ಸಿಗೆಲ್ಲ ಅಚ್ಚು ಹೊತ್ತು ಓಡುವ ಕೆಲಸಕ್ಕೆ ಸೇರಿ, ಮನೆಯವರೊಡನೆ ಬಡವರ ಆಶ್ರಮವನ್ನೂ ಕಂಡು, ಆಮೇಲೆ ಗೊಂಬೆಗಳನ್ನೇ ಮಾಡುವ ಕಾರ್ಖಾನೆಯೊಂದರಲ್ಲಿಯೂ ದುಡಿದು, ಮುದಿತನದಲ್ಲಿ ಅದನ್ನೆಲ್ಲ ಬರೆದನು. ೧೯೦೩ರಲ್ಲಿ ಅದು ಪುಸ್ತಕವಾಯಿತು. ಕಾರ್ಖಾನೆಯ ಕಾನೂನು ಈ ಕುಂಬಾರಿಕೆಗೆ ಅನ್ವಯವಾದದ್ದು ೧೮೬೪ರಲ್ಲಿ. ಅದಕ್ಕೆ ಮುಂಚಿನ ಗೊಂಬೆಯೊಂದರ ಕೆನ್ನೆಯ ಕೆಂಪು ಚುಕ್ಕಿ ಸ್ವಲ್ಪ ಸೊಟ್ಟಗಿದ್ದರೆ, ಅದು ಹತ್ತು ವರ್ಷದ ಹುಡುಗಿಯ ಬೆರಳು ದಣಿದಿದ್ದ ಗಳಿಗೆಯಾಗಿರಲು ಸಾಕು. ಈ ಸೊಟ್ಟನ್ನೂ ನಕಲು ಮಾಡಿ, ಚೆಲುವೆಂದು ಮಾರುವುದು ನನಗೆ ಸಹಿಸದು.

ಗೊಂಬೆಗಳು ಏನನ್ನು ನೆನೆಯುತ್ತಿದ್ದವೆಂಬುದನ್ನೂ ನೋಡಬೇಕು. ಇದಕ್ಕೆ ನಮ್ಮ ನಾಡಿಗೂ ಸಂಬಂಧಿಸಿದ ಒಂದು ದೃಷ್ಟಾಂತವಿದೆ. ೧೮೨೦-೩೦ರ ಸುಮಾರಿನಲ್ಲಿ ಸ್ಟ್ಯಾಫರ್ಡ್‌ಷೈರಿನಲ್ಲಿ ಒಂದು ಗುಂಪುಗೊಂಬೆ ತಯಾರಾಯಿತು. ದೊಡ್ಡದೊಂದು ಹುಲಿ, ಅದರ ಬಾಯಲ್ಲಿ ಒಬ್ಬ ಆಂಗ್ಲ ಯುವಕನ ತಲೆ, ಕೆಳಗೆ ಮನ್ರೋವಿನ ಮರಣ ಎಂಬ ಅರ್ಥದ ಇಂಗ್ಲಿಷ್ ಬರಹ. ಈತನು ದತ್ತಮಂಡಲದ ಥಾಮಸ್ ಮನ್ರೋ ಅಲ್ಲ. ಸೇನಾಪತಿ ಸರ್ ಹೆಕ್ಟರ್ ಮನ್ರೋವಿನ ಮಗ. ೧೭೯೨ರಲ್ಲಿ ಬಂಗಾಳದ ಸಾಗರದ್ವೀಪದಲ್ಲಿ ಹುಲಿಯ ಬಾಯಿಗೆ ಬಿದ್ದವನು. ಆ ಹೆಕ್ಟರ್ ಮನ್ರೋ ಯಾರು? ೧೭೮೦ರಲ್ಲಿ ಪೊಲ್ಲಿಲೂರಿನ ಬಳಿ ಹೈದರನೂ ಟಿಪ್ಪುವೂ ಕರ್ನಲ್ ಬೈಲಿಯ ದಂಡನ್ನು ನುಚ್ಚುನೂರು ಮಾಡುತ್ತಿದ್ದಾಗ ಸಮೀಪದ ಕಾಂಚಿಯಲ್ಲಿದ್ದೂ ಸಕಾಲಕ್ಕೆ ನೆರವಾಗದೆ, ಭಾರಿ ಫಿರಂಗಿಗಳನ್ನು ಕೆರೆಗೆ ನೂಕಿ ಮದರಾಸಿಗೆ ಹಿಂದಿರುಗಿದವನು. ಬಿದ್ದಿರುವ ಐರೋಪ್ಯನ ಮೇಲೆ ಹುಲಿಯೆರಗಿರುವ ಟಿಪ್ಪುವಿನ ಮರದ ಯಂತ್ರವನ್ನು ೧೭೯೯ರಲ್ಲಿ ಶ್ರೀರಂಗಪಟ್ಟಣದ ಲೂಟಿಯಲ್ಲಿ ಒಯ್ದು, ೧೮೦೮ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಮಂದಿರದಲ್ಲಿ ಜನರಿಗೆ ತೋರಿಸುತ್ತಿದ್ದರು. ಈಗ ಅದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಆ ಯಂತ್ರಕ್ಕೂ ಈ ಮಣ್ಣುಗೊಂಬೆಗೂ ಇರುವ ಹೋಲಿಕೆಯನ್ನು ವಿದ್ವಾಂಸರು ಬಹುಕಾಲದಿಂದ ಗುರುತಿಸಿದ್ದಾರೆ. ಒಂದು ಜನಾಂಗದ ಭೀತಿ, ಮತ್ತೊಂದು ಜನಾಂಗದ ಸೇಡು, ಲೂಟಿ, ಕುತೂಹಲ, ಎಲ್ಲವೂ ಒಂದು ಗೇಣು ಮಣ್ಣಿನಲ್ಲಿ!

ಇನ್ನು ಅಲ್ಲಿಯವರದೇ ಕಥೆಗಳು. ೧೮೪೮ರಲ್ಲಿ ನಾರ್ಫೋಕ್ ಸೀಮೆಯ ಸ್ಟ್ಯಾನ್‌ಫೀಲ್ಡ್ ಹಾಲಿನಲ್ಲಿ ತಂದೆ ಮಗ ಇಬ್ಬರನ್ನೂ ಗುಂಡಿಟ್ಟು ಕೊಂದು ಮರುವರ್ಷ ಗಲ್ಲಿಗೇರಿದ ಜೇಮ್ಸ್ ರಷ್ ಎಂಬವನಿಗೂ ಗೊಂಬೆಯುಂಟು. ಕೊಲೆ ನಡೆದ ಮನೆಗೂ ಗೊಂಬೆಯುಂಟು. ವಿಷವಿಕ್ಕಿದ ವೈದ್ಯ ವಿಲಿಯಂ ಪಾಮರನು ಆ ಸ್ಟ್ಯಾಫರ್ಡ್‌ಷೈರಿನವನೇ. ೧೮೫೬ರಲ್ಲಿ ಅವನನ್ನು ನೇಣಿಗೆ ಹಾಕಿದರು, ಕುಂಬಾರರು ಅವನ ಮನೆಯನ್ನು ಅಚ್ಚಿಗೆ ಹಾಕಿದರು. ರಾಣಿ, ಸೇನಾಪತಿ, ದರೋಡೆಗಾರ, ಧರ್ಮಬೋಧಕ, ಕೊಲೆಗಾರ, ಎಲ್ಲರೂ ಒಂದೇ ಹಲಗೆಯ ಮೇಲೆ. ದಿನಪತ್ರಿಕೆಯನ್ನು ಕೊಳ್ಳಲಾರದವರಿಗೆ ಇದು ಮಣ್ಣಿನ ವರ್ತಮಾನಪತ್ರಿಕೆಯಾಗಿತ್ತು. ನಕಲಿನ ವ್ಯಾಪಾರಿಗಳಿಗೆ ಇದರಲ್ಲಿ ಅತ್ಯಂತ ಪ್ರಿಯವಾದದ್ದಾವುದು? ಕೊರಳಲ್ಲಿ ಚಿನ್ನದ ಸರಪಳಿ ತೊಟ್ಟು ಒಂದನ್ನೊಂದು ನೋಡುತ್ತ ಕುಳಿತ ಸ್ಪ್ಯಾನಿಯಲ್ ನಾಯಿಗಳ ಜೋಡಿ. ನಾಯಿಗಳ ಮೇಲೆ ನನಗೆ ದ್ವೇಷವಿಲ್ಲ. ವಿಕ್ಟೋರಿಯಾ ರಾಣಿಯು ಚಿಕ್ಕಂದಿನಲ್ಲಿ ಡ್ಯಾಷ್ ಎಂಬ ಅಂಥದೇ ನಾಯಿಯನ್ನು ಸಾಕಿದ್ದಳು; ಬಡವನೂ ತನ್ನ ಹಲಗೆಯ ಮೇಲೆ ಅಂಥದನ್ನು ಇಟ್ಟು ಸಂತೋಷಪಟ್ಟನು. ಆದರೆ ಪತ್ರಿಕೆಯನ್ನೆಲ್ಲ ಹರಿದೊಗೆದು ಅದರ ಅಂಚಿನ ಹೂಬಳ್ಳಿಯನ್ನು ಮಾತ್ರ ಕತ್ತರಿಸಿ ಗೋಡೆಗೆ ಅಂಟಿಸಿದರೆ, ಅದನ್ನು ಇತಿಹಾಸಪ್ರೀತಿಯೆನ್ನುವುದು ಹೇಗೆ?

ಬೆಲೆಯ ವಾದಕ್ಕೆ ಹೆಚ್ಚು ಸ್ಥಳವನ್ನು ಕೊಡಬೇಕಾಗಿಲ್ಲ. ಅಪರೂಪದ ಪ್ರತಿಕೃತಿಗಳಿಗೆ ಬೆಲೆಯುಂಟು, ನಿಜ. ಸಾಮಾನ್ಯ ಗೊಂಬೆಗಳ ಬೆಲೆ ಮಾತ್ರ ಇಂಗ್ಲೆಂಡಿನ ಹರಾಜುಗಳಲ್ಲಿ ಈ ಎರಡು ದಶಕಗಳಿಂದ ಇಳಿದೇ ಇದೆ. ಕಿವಿ ಮುಕ್ಕಾದ, ಕಾಲು ಅಂಟಿಸಿದ ಅಸಲು ನಾಯಿಯೊಂದು ಒಳ್ಳೆಯ ನಕಲಿಗಿಂತ ಬಹಳ ದುಬಾರಿಯಲ್ಲ. ಲೇಖಕರಿಗೆ ಮುಕ್ಕು ಬೇಡ. ಮುಕ್ಕಿಲ್ಲದ ಮುಪ್ಪು ಬೇಕು. ಎರಡೂ ಕಣ್ಣಿಗೆ ಒಂದೇ ಎಂಬ ಮಾತಿಗೆ ನನ್ನ ಉತ್ತರ ಇನ್ನೂ ಚಿಕ್ಕದು. ಅವರ ಲೇಖನದೊಡನೆ ಅಚ್ಚಾದ ಚಿತ್ರದಲ್ಲಿ, ಗೋಡೆಗೆ ಒರಗಬೇಕಾದ ಬೆನ್ನಿಲ್ಲದ ಗೊಂಬೆಯನ್ನು ನಡುಮೇಜಿನ ಮೇಲೆ ಇಟ್ಟಿದ್ದಾರೆ. ಅರ್ಧದಷ್ಟು ಅತಿಥಿಗಳಿಗೆ ಬೋಳುಗೋಡೆಯೇ ದರ್ಶನ.

ಶೂದ್ರಕನ ಮೃಚ್ಛಕಟಿಕದಲ್ಲಿ ಮಗು ರೋಹಸೇನನು ಮಣ್ಣಿನ ಬಂಡಿ ಬೇಡ, ನೆರೆಮನೆಯ ಹುಡುಗನದರಂಥ ಚಿನ್ನದ ಬಂಡಿಯೇ ಬೇಕೆಂದು ಅಳುತ್ತಾನೆ. ಅದು ಮಗು. ಅದಕ್ಕೂ ಮಣ್ಣಿಗೆ ಹೊನ್ನಿನ ಬಣ್ಣ ಬಳಿದು ಕೊಟ್ಟು ಸುಮ್ಮನಾಗಿಸಲು ಆ ನಾಟಕದಲ್ಲಿ ಯಾರೂ ಹೋಗುವುದಿಲ್ಲ. ವಸಂತಸೇನೆ ನಿಜವಾದ ಒಡವೆಗಳನ್ನೇ ಬಿಚ್ಚಿ ಬಂಡಿಗೆ ತುಂಬುತ್ತಾಳೆ. ಬಂಡಿ ಮಣ್ಣಿನದಾಗಿಯೇ ಉಳಿಯುತ್ತದೆ.

ನನ್ನ ಬೇಡಿಕೆ ದೊಡ್ಡದೇನೂ ಅಲ್ಲ. ಪ್ರತಿಗಳಾಗಲಿ, ಮನೆಗಳಲ್ಲಿ ಇರಲಿ. ಆದರೆ ಮಾಡಿದವನ ಹೆಸರು, ಊರು, ವರ್ಷ ಈ ಮೂರನ್ನೂ ಮೆರುಗಿನ ಅಡಿಯಲ್ಲಿ, ಕೆರೆದರೂ ಹೋಗದಂತೆ ಬರೆಯಬೇಕು. ಬಿರುಕನ್ನೂ ಚಹದ ಕಲೆಯನ್ನೂ ಬಿಡಬೇಕು. ಹೊಸ ಗೊಂಬೆ ಹೊಸದರಂತೆ ಹೊಳೆಯಲಿ. ಅಂದಿನ ಗೊಂಬೆಗಳೂ ಜಾತ್ರೆಯಲ್ಲಿ ಹಾಗೆಯೇ ಹೊಳೆಯುತ್ತಿದ್ದವು. ಹಳೆಯ ಮಾದರಿಯ ಮೇಲೆ ಅಷ್ಟು ಪ್ರೀತಿಯಿದ್ದರೆ ಆ ಆರು ಊರುಗಳಲ್ಲಿ ಇಂದಿಗೂ ಕೈಕೆಲಸ ಬಲ್ಲವರಿದ್ದಾರೆ. ಅವರಿಂದ ತಮ್ಮ ಹೆಸರು ಹಾಕಿಸಿಕೊಂಡೇ ಕೊಳ್ಳಬಹುದು. ಬರ್ಸ್ಲೆಮ್ಮಿನ ನೈಲ್ ಬೀದಿಯಲ್ಲಿದ್ದ ರಾಯಲ್ ಡೌಲ್ಟನ್ನಿನ ಕಾರ್ಖಾನೆ ೨೦೦೫ರಲ್ಲಿ ಮುಚ್ಚಿತು. ಅಲ್ಲಿ ಬಣ್ಣ ಬಳಿಯುತ್ತಿದ್ದ ಕೈಗಳಿಗೆ ಕೆಲಸ ತಪ್ಪಿದಾಗ, ಸ್ಟ್ಯಾಫರ್ಡ್‌ಷೈರಿನ ಹೆಸರನ್ನು ಹೊತ್ತ ಹೆಸರಿಲ್ಲದ ನಾಯಿಗಳು ಜಗತ್ತಿನ ಅಂಗಡಿಗಳಲ್ಲೆಲ್ಲ ಮಾರಾಟವಾಗುತ್ತಲೇ ಇದ್ದವು.

ಕೊನೆಗೆ ಲೇಖಕ ಮಹಾಶಯರಲ್ಲಿ ಒಂದು ಪ್ರಾರ್ಥನೆ. ತಮ್ಮ ನಡುಮೇಜಿನ ಮೇಲಿರುವ ಜೋಡಿಯನ್ನು ಒಮ್ಮೆ ತಲೆಕೆಳಗು ಮಾಡಿ, ತಳದಲ್ಲಿ ಏನು ಬರೆದಿದೆ, ತೂತು ಎಷ್ಟು ಅಗಲವಿದೆ, ಬಿರುಕು ಎಲ್ಲೆಡೆಯೂ ಸಮನಾಗಿದೆಯೋ ಎಂಬುದನ್ನು ನೋಡಿ ಮುಂದಿನ ಸಂಚಿಕೆಗೆ ಬರೆದು ಕಳುಹಿಸಬೇಕು. ಅರ್ಧ ಪುಟ ಸಾಕು. ಸಂಪಾದಕರು ಸ್ಥಳವನ್ನು ಕೊಡುವರೆಂದು ನಂಬಿದ್ದೇನೆ.